ಭಜನಿ ಪದದ ಮ್ಯಾಲ ಡಿಸರ್ಟೇಶನ್ ಮಾಡೋರು ಹಿಂಗ ಶುರು ಮಾಡ್ರಿ

ಗುಲ್ಬರ್ಗಾ ಯೂನಿವರ್ಸಿಟಿ ಇರ್ಲಿ ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿ ಇರ್ಲಿ, ಹುಡುಗ್ರು ಭಜನಿದಾಗ ಹಾಡೋ ಅನುಭಾವದ ಪದಗಳ ಮ್ಯಾಲ "ತತ್ವಪದಗಳು: ಒಂದು ಅಧ್ಯಯನ" ಅಂತ ಬರ್ಕೊಂಡು ಗೈಡ್ ಮುಂದ ಹೋಗಿ ನಿಂದರ್ತಾರ. ಅದು ವಿಷಯ ಅಲ್ರಿ, ಬರೇ ಹೆಸರು. ಪದ ಕೂಡಿಸೋ ಕೆಲಸ ಆಗ್ಲೇ ಭಾಳ ಆಗ್ಯದ, ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರದೋರು ಇಡೀ ರಾಜ್ಯದ ತತ್ವಪದ ಸಂಪುಟದ ಮ್ಯಾಲ ಸಂಪುಟ ತಂದಾರ. ನಿಮಗ ಉಳಿದದ್ದು ಹಾಡೋ ಮಂದಿ. ಹಗಲೆಲ್ಲಾ ಏನ್ ದುಡೀತಾರ, ಯಾರ ಕಡಿಂದ ಕಲ್ತಾರ, ಮೇಳದಾಗಿನ ಹುಡುಗ್ರು ಪುಣೆ ಮುಂಬೈ ಕಡಿ ದುಡಿಲಕ ಹೋದ್ರ ತಾಳ ಯಾರ್ ಹಿಡೀತಾರ. ಇದ್ರಾಗ ಒಂದೇ ಪ್ರಶ್ನಿ ತಗೊಂಡು ಒಂದೇ ಊರು ಹಿಡೀರಿ, ಸಾಕು.

ಮೊದ್ಲ ಶೋಧಗಂಗಾ ಅನ್ನೋ ಥೀಸಿಸ್ ವೆಬ್‌ಸೈಟ್‌ದಾಗ ಹುಡುಕ್ರಿ, ಫ್ರೀ ಅದ, ನಮ್ ಕಡಿ ಪಿಎಚ್‌ಡಿ ಥೀಸಿಸ್ ಭಾಳ ಸಿಗ್ತಾವ. ಕನ್ನಡದಾಗೂ ಟೈಪ್ ಮಾಡ್ರಿ ಇಂಗ್ಲಿಷ್‌ದಾಗೂ ಮಾಡ್ರಿ, ಯಾಕಂದ್ರ ಒಬ್ಬರು ತತ್ವಪದ ಅಂತ ಹಾಕಿರ್ತಾರ ಇನ್ನೊಬ್ಬರು ಅನುಭಾವ ಪದ ಅಂತಾರ ಮತ್ತೊಬ್ಬರು ಬರೇ ಜಾನಪದ ಅಂತ ಬಿಟ್ಟಿರ್ತಾರ.

ಊರಿಗೆ ಹೋಗೋ ಹೊತ್ತು ನೋಡ್ಕೊಂಡ್ ಹೋಗ್ರಿ. ಡಿಸೆಂಬರ್ ಜನವರಿದಾಗ ತೊಗರಿ ರಾಶಿ ನಡದಿರ್ತದ, ಆಗ ಹೋಗಿ "ಕಾಕಾ ಒಂದ್ ಇಂಟರ್‌ವ್ಯೂ" ಅಂದ್ರ ಯಾರ್ ಕುಂದ್ರತಾರ್ರಿ? ಅಮಾಸಿ ಭಜನಿ ಇದ್ದ ದಿನ ಹೋಗ್ರಿ. ಮೊದಲ್ನೇ ರಾತ್ರಿ ಏನೂ ಕೇಳಬ್ಯಾಡ್ರಿ, ಫೋನ್ ಕಿಸೆದಾಗ ಇಟ್ಟು ಸುಮ್ನ ಕುಂತು ಕೇಳ್ರಿ, ತಾಳ ಕೊಟ್ರ ತಾಳ ಹಾಕ್ರಿ.

ರೆಕಾರ್ಡಿಂಗ್‌ದಾಗೇ ಭಾಳ ಮಂದಿ ಕೆಡಿಸ್ಕೋತಾರ. ಫೋನ್ ಹಾರ್ಮೋನಿಯಂ ಬಾಜೂಕ ಇಟ್ರ ಬರೇ ಪೆಟಗಿ ಸಪ್ಪಳ ಬರ್ತದ, ಪದದ ಮಾತೇ ತಿಳಿಯಂಗಿಲ್ಲ. ಮುಂದ್ ಹಾಡೋ ಮುತ್ಯಾನ ಕಡಿ ಇಡ್ರಿ, ದಮ್ಮಡಿ (ಕೈಲೆ ಬಡಿಯೋ ಚರ್ಮವಾದ್ಯ) ತಾಳದಿಂದ ಜರಾ ದೂರ, ಕೆಳಗ ಒಂದ್ ಟವೆಲ್ ಮಡಚಿ ಹಾಕ್ರಿ ಇಲ್ಲಂದ್ರ ಕಟ್ಟಿ ಮ್ಯಾಲಿನ ಧಡಧಡ ಎಲ್ಲಾ ಕೇಳ್ತದ. ಫೋನ್ ಏರ್‌ಪ್ಲೇನ್ ಮೋಡ್‌ಗೆ ಹಾಕ್ರಿ. ವೇವ್ ಫೈಲ್‌ದಾಗ ಸ್ಟೀರಿಯೋ ತಗದ್ರ ಒಂದ್ ತಾಸಿಗೆ 600 ಎಂಬಿ ದಾಟ್ತದ, ಭಜನಿ ಬೆಳತನಕ ನಡೀತದ, ಅದಕ್ಕ ಜಾಗ ಖಾಲಿ ಮಾಡ್ಕೊಂಡೇ ಹೋಗ್ರಿ. ಒಪ್ಪಿಗಿ ಮೊದ್ಲೇ ಕೇಳ್ರಿ, ಓದಲಕ ಬರದೋರ ಮುಂದ ಫಾರ್ಮ್ ಹಿಡದು ಹೆಬ್ಬೆಟ್ಟು ಒತ್ತಸ್ಕೊಂಡ್ರ ಹೆದರ್ತಾರ, ಯಾಕ ಬೇಕು ಎಲ್ಲಿ ಹಾಕ್ತೀವಿ ಅಂತ ಬಿಡಿಸಿ ಹೇಳಿ ಅವರ "ಹೂಂ" ರೆಕಾರ್ಡಿಂಗ್‌ದಾಗೇ ತಗೋರಿ. ಗೈಡ್‌ಗೂ ಇದು ಮೊದ್ಲೇ ತಿಳಸ್ರಿ, ಕೆಲವು ಡಿಪಾರ್ಟ್‌ಮೆಂಟ್‌ದೋರು ಸಹಿ ಕಾಗದಾನೇ ಕೇಳ್ತಾರ.

ಬರಕೊಳ್ಳೋದಕ್ಕ ಎಲಾನ್ ಅಂತ ಫ್ರೀ ಸಾಫ್ಟ್‌ವೇರ್ ಅದ, ನೆದರ್ಲೆಂಡ್ಸ್‌ದ ಮ್ಯಾಕ್ಸ್ ಪ್ಲಾಂಕ್ ಸಂಸ್ಥಾದೋರು ಮಾಡಿದ್ದು, ದನಿ ಕೆಳಗ ಸಾಲು ಸಾಲಾಗಿ ಟೈಪ್ ಮಾಡಬಹುದು. ಹಾಡದಂಗೇ ಬರೀರಿ, ಪುಸ್ತಕ ನೋಡಿ ತಿದ್ದಬ್ಯಾಡ್ರಿ. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನ ಒಂದೇ ಪದ ಜೇವರ್ಗಿ ಕಡಿ ಒಂಥರ ಸುರಪುರ ಕಡಿ ಇನ್ನೊಂಥರ ಕೇಳಿದ್ರ ಎರಡೂ ಇಡ್ರಿ, ಯಾವುದು ತಪ್ಪು ಅಂತ ತೀರ್ಪು ಕೊಡೋದು ನಿಮ್ ಕೆಲಸ ಅಲ್ಲ, ಆ ಫರಕೇ ನಿಮ್ ಡೇಟಾ. ಕೊನೀ ನುಡಿದಾಗಿನ ಅಂಕಿತ (ಪದ ಕಟ್ಟಿದೋರು ಹಾಕೋ ಗುರುತಿನ ಹೆಸರು) ಮಾತ್ರ ಎರಡ್ ಸಲ ಕೇಳ್ರಿ, ಪದ ಯಾರದು ಅನ್ನೋದು ಅಲ್ಲೇ ಕುಂತಿರ್ತದ.

ಜಾತಿ ಪ್ರಶ್ನಿ ಶುರುವಿಗೇ ಎತ್ತಬ್ಯಾಡ್ರಿ. ಮಡಿವಾಳಪ್ಪನ ಶಿಷ್ಯರಾಗ ಚೆನ್ನೂರ ಜಲಾಲಸಾಬನೂ ಅದಾನ, ಅವನ ಪದ ಇದ್ರ ಹಾಡ್ರಿ ಅಂತ ಕೇಳ್ರಿ, ಯಾರ್ ಯಾರ ಜೋಡಿ ಕುಂತು ಹಾಡ್ತಿದ್ರು ಅನ್ನೋ ಮಾತು ತಾನಾಗೇ ಬರ್ತದ.

ಆಡಿಯೋ ಒಂದ್ ಕಾಪಿ ಪೆನ್‌ಡ್ರೈವ್‌ದಾಗ ಮೇಳಕ್ಕ ಕೊಡ್ರಿ, ಹೆಸರು ಹಾಕ್ಬೇಕೋ ಬ್ಯಾಡೋ ಚಾಪ್ಟರ್ ಬರಿಯೋಕಿಂತ ಮೊದ್ಲ ಇನ್ನೊಮ್ಮೆ ಕೇಳ್ರಿ. ಭಾಳ ಮಂದಿ ಹಾಕೇ ಹಾಕ್ರಿ ಅಂತಾರ, ಗುರುವಿನ ಹೆಸರೂ ಬರ್ಸತಾರ.