ಎಲ್‌ಎಲ್‌ಆರ್ ಪರೀಕ್ಷೆಗೆ ಓದುವುದು ಹೇಗೆ? ಮೊದಲು ಆಕಾರ, ಆಮೇಲೆ ಬಣ್ಣ, ಕೊನೆಗೆ ಚಿತ್ರ

ನಮ್ಮ ಅತ್ತಿಗೆಗೆ ಮೂವತ್ತೆಂಟು ವರ್ಷ. ಮಗಳನ್ನು ಟ್ಯೂಷನ್‌ಗೆ ಬಿಡಲು ಸ್ಕೂಟರ್ ಕಲಿಯಲೇಬೇಕು ಅಂತ ಹಟ ಹಿಡಿದರು. ಎಲ್‌ಎಲ್‌ಆರ್‌ಗೆ (ಗಾಡಿ ಕಲಿಯುವವರ ತಾತ್ಕಾಲಿಕ ಲೈಸೆನ್ಸ್) ಅಂತ ಯಾರೋ ಫೋನಿಗೆ ಕಳಿಸಿದ ಪ್ರಶ್ನೋತ್ತರಗಳನ್ನು ಎರಡು ದಿನ ಬಾಯಿಪಾಠ ಮಾಡಿದರು. ಮೂರನೇ ದಿನ, "ಎಲ್ಲಾ ಕಲಸುಮೇಲೋಗರ ಆಗ್ತಿದೆ, ನೀನೇ ಒಂಚೂರು ಹೇಳಿಕೊಡು" ಅಂದರು. ಉತ್ತರ ಮರೆತರೆ ಒಂದು ಅಂಕ ಹೋಗಬಹುದು. ಆದರೆ ರಸ್ತೆಯಲ್ಲಿ ಚಿಹ್ನೆಯ ಅರ್ಥ ಹೊಳೆಯದಿದ್ದರೆ ಹಿಂದೆ ಕೂತಿರುವ ಮಗುವಿಗೂ ಅಪಾಯ. ಅದಕ್ಕೇ ಪಟ್ಟಿಯನ್ನು ಪಕ್ಕಕ್ಕಿಟ್ಟು ಬೀದಿಗೆ ಹೊರಟೆವು. ಮೈಸೂರಿನಲ್ಲಿ ನಾವು ಕಲಿತ ಕ್ರಮ ಇದು.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 11ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಚಿಹ್ನೆ, ಸಿಗ್ನಲ್ ಮತ್ತು ರಸ್ತೆ ನಿಯಮಗಳು. ಅಪಘಾತವಾದಾಗ ಚಾಲಕರ ಕರ್ತವ್ಯ. ಕಾವಲುಗಾರರಿಲ್ಲದ ರೈಲ್ವೆ ಗೇಟ್ ದಾಟುವಾಗಿನ ಎಚ್ಚರಿಕೆ. ಗಾಡಿಯಲ್ಲಿ ಇಟ್ಟುಕೊಳ್ಳಬೇಕಾದ ದಾಖಲೆ. ಇಷ್ಟೇ. ಕಂಪ್ಯೂಟರ್ ಮುಂದೆ ಕೂತು ಸರಿ ಉತ್ತರ ಒತ್ತಬೇಕು, ಪ್ರಶ್ನೆಗಳು ಕನ್ನಡದಲ್ಲೂ ಸಿಗುತ್ತವೆ. ಅರ್ಜಿ ಹಾಕುವುದು 'ಸಾರಥಿ' ಜಾಲತಾಣದಲ್ಲಿ. ಅಭ್ಯಾಸ ಪರೀಕ್ಷೆಯೂ ಅಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ.

ಮೊದಲ ದಿನ: ಚಿತ್ರ ನೋಡಬೇಡಿ, ಆಕಾರ ನೋಡಿ

ಅತ್ತಿಗೆ ಎಡವಿದ್ದು ಇಲ್ಲೇ. ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಲು ಹೊರಟಿದ್ದರು. ಅಷ್ಟು ಕಷ್ಟಪಡಬೇಕಿಲ್ಲ. ದುಂಡಗಿನ ಬೋರ್ಡ್ ಅಂದರೆ ಅಪ್ಪಣೆ, ಪಾಲಿಸಲೇಬೇಕು. ತ್ರಿಕೋನ ಅಂದರೆ ಎಚ್ಚರಿಕೆ, ಮುಂದೆ ಏನೋ ಇದೆ, ನಿಧಾನಿಸಿ. ಚೌಕ ಅಥವಾ ಆಯತ ಅಂದರೆ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಪಾರ್ಕಿಂಗ್ ಜಾಗ.

ಎರಡು ಬೋರ್ಡ್‌ಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಎಂಟು ಮೂಲೆಯ ಕೆಂಪು 'ಸ್ಟಾಪ್', ತಲೆಕೆಳಗಾದ ತ್ರಿಕೋನದ 'ದಾರಿ ಬಿಡಿ'. ಎರಡೂ ಅಪ್ಪಣೆಗಳೇ. ಆಕಾರ ಬೇರೆ ಇರುವುದರಿಂದ ಬೋರ್ಡ್‌ಗೆ ಧೂಳು ಹಿಡಿದಿದ್ದರೂ, ಅದು ಬೆನ್ನು ತಿರುಗಿಸಿ ನಿಂತಿದ್ದರೂ ಗುರುತು ಸಿಗುತ್ತದೆ.

ಆಮೇಲೆ ಬಣ್ಣ. ದುಂಡಗಿನ ಬೋರ್ಡ್‌ಗೆ ಕೆಂಪು ಅಂಚಿದ್ದರೆ 'ಮಾಡಬೇಡಿ' ಅಥವಾ 'ಇದನ್ನು ಮೀರಬೇಡಿ'. ಕೆಂಪು ಅಂಚಿನೊಳಗೆ 40 ಅಂತಿದ್ದರೆ ವೇಗ ಅದನ್ನು ದಾಟಬಾರದು. ಪೂರ್ತಿ ನೀಲಿ ಇದ್ದರೆ 'ಹೀಗೇ ಮಾಡಿ'. ನೀಲಿಯಲ್ಲಿ ಎಡಕ್ಕೆ ಬಾಣ ಇದ್ದರೆ ಎಡಕ್ಕೇ ತಿರುಗಬೇಕು.

ಇಲ್ಲಿ ಒಂದು ಜಾಗದಲ್ಲಿ ತುಂಬಾ ಜನ ತಪ್ಪುತ್ತಾರೆ. ನೀಲಿ ಬೋರ್ಡ್‌ಗೆ ಕೆಂಪು ಅಂಚು, ಮೇಲೆ ಒಂದೇ ಓರೆಗೆರೆ ಇದ್ದರೆ 'ಪಾರ್ಕಿಂಗ್ ಇಲ್ಲ'. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ 'ನಿಲ್ಲಿಸುವಂತೆಯೇ ಇಲ್ಲ'. ಮೊದಲನೆಯದರ ಹತ್ತಿರ ಮಗಳನ್ನು ಇಳಿಸಿ ತಕ್ಷಣ ಹೊರಡಬಹುದು. ಎರಡನೆಯದರ ಹತ್ತಿರ ಅದೂ ಕೂಡದು. "ಒಂದು ಗೆರೆ ಅಂದ್ರೆ ಇಳಿಸಿ ಹೋಗು, ಎರಡು ಗೆರೆ ಅಂದ್ರೆ ಹೋಗ್ತಾನೇ ಇರು" ಅಂತ ಅತ್ತಿಗೆಯೇ ಕಟ್ಟಿಕೊಂಡರು. ಹೀಗೆ ಸ್ವಂತ ಮಾತಿನಲ್ಲಿ ಹೇಳಿಕೊಂಡದ್ದು ಮರೆಯುವುದಿಲ್ಲ.

ರೈಲ್ವೆ ಗೇಟ್‌ನ ಜೋಡಿಯೂ ಹೀಗೇ ಗೊಂದಲ ಮಾಡುತ್ತದೆ. ತ್ರಿಕೋನದಲ್ಲಿ ಗೇಟ್ ಚಿತ್ರ ಇದ್ದರೆ ಅಲ್ಲಿ ಕಾವಲುಗಾರ ಇದ್ದಾರೆ. ರೈಲು ಎಂಜಿನ್ ಚಿತ್ರ ಇದ್ದರೆ ಕಾವಲು ಇಲ್ಲ. ಅಂಥ ಕಡೆ ಗಾಡಿ ನಿಲ್ಲಿಸಿ, ಜೊತೆಯಲ್ಲಿ ಬಂದವರು ಅಥವಾ ಸ್ವತಃ ನೀವೇ ಇಳಿದು ಹೋಗಿ ಎರಡೂ ಕಡೆ ನೋಡಿ ಬರಬೇಕು. ಕಾನೂನೇ ಹಾಗೆ ಹೇಳುತ್ತದೆ.

ಎರಡನೇ ದಿನ: ಬಸ್ಸಿನ ಮುಂದಿನ ಸೀಟು

ಕುವೆಂಪುನಗರದಿಂದ ಸಿಟಿ ಬಸ್ ಹತ್ತಿ ಮುಂದೆ ಕೂತೆವು. ಕೈಯಲ್ಲಿ ಸಣ್ಣ ನೋಟ್‌ಬುಕ್. ಬೋರ್ಡ್ ಕಂಡ ಕೂಡಲೇ ಆಕಾರ, ಬಣ್ಣ, ಅರ್ಥ ಹೇಳಬೇಕು. ಶಾಲೆ, ಹಂಪ್, ತಿರುವು, ಪಾರ್ಕಿಂಗ್ ಅಂತ ಪುಟ ತುಂಬಿತು. ನಿಮ್ಮೂರಲ್ಲಿ ಬೋರ್ಡ್ ಕಡಿಮೆ ಇದ್ದರೆ ಹತ್ತಿರದ ಹೆದ್ದಾರಿಯಲ್ಲಿ ಒಮ್ಮೆ ಬಸ್ಸಲ್ಲಿ ಹೋಗಿ ಬನ್ನಿ.

ನೆಲದ ಮೇಲಿನ ಗೆರೆಗಳನ್ನೂ ಬಿಡಬೇಡಿ. ತುಂಡು ತುಂಡು ಬಿಳಿ ಗೆರೆ ಇದ್ದರೆ ನೋಡಿಕೊಂಡು ದಾಟಬಹುದು. ಉದ್ದಕ್ಕೂ ಎಳೆದ ಜೋಡಿ ಗೆರೆ ಇದ್ದರೆ ದಾಟಲೇಬಾರದು. ಸಿಗ್ನಲ್‌ನಲ್ಲಿ ನಿಲ್ಲಬೇಕಾದ್ದು ಸ್ಟಾಪ್ ಲೈನ್‌ಗಿಂತ ಹಿಂದೆ, ಜೀಬ್ರಾ ಪಟ್ಟಿಯ ಮೇಲಲ್ಲ. ಆ ಪಟ್ಟಿ ನಡೆದು ಹೋಗುವವರದ್ದು. ವಯಸ್ಸಾದವರು ಕೋಲೂರಿಕೊಂಡು ಗಾಡಿಗಳ ಸಂದಿಯಲ್ಲಿ ನುಸುಳಿ ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಸಿಗ್ನಲ್‌ನಲ್ಲಿ ಕೆಂಪು, ಹಸಿರು ಎಲ್ಲರಿಗೂ ಗೊತ್ತು. ಹಳದಿಯೇ ತೊಂದರೆ. ಹಳದಿ ಬಂತು ಅಂದರೆ ಬೇಗ ನುಗ್ಗು ಅಂತಲ್ಲ, ನಿಲ್ಲು ಅಂತ. ಆಗಲೇ ಗೆರೆ ದಾಟಿದ್ದರೆ ಮಾತ್ರ ಮುಂದೆ ಸಾಗಿ. ಹಳದಿ ಮಿನುಗುತ್ತಿದ್ದರೆ ನಿಧಾನಿಸಿ, ನೋಡಿಕೊಂಡು ಹೋಗಿ. ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ದಾರಿ ಖಾಲಿ ಇದ್ದರೆ ಹೊರಡಿ. ಪೊಲೀಸರು ಕೈ ತೋರಿಸುತ್ತಿದ್ದರೆ ದೀಪ ಏನೇ ಹೇಳಲಿ, ಅವರ ಕೈಯನ್ನೇ ಪಾಲಿಸಬೇಕು.

ಯಾರು ಮೊದಲು ಹೋಗಬೇಕು?

ಇದನ್ನು ಕಲಿಯಲು ಹಾರ್ಡಿಂಜ್ ಸರ್ಕಲ್‌ಗಿಂತ ಒಳ್ಳೆಯ ಜಾಗ ಮೈಸೂರಲ್ಲಿ ನನಗೆ ಗೊತ್ತಿಲ್ಲ. ಫುಟ್‌ಪಾತ್ ಮೇಲೆ ಅರ್ಧ ಗಂಟೆ ನಿಂತು ಸುಮ್ನೆ ನೋಡಿದೆವು. ಸರ್ಕಲ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಬೇಕು, ಬಲಗಡೆಯಿಂದ ಬರುವ ಗಾಡಿಗೆ ಮೊದಲು ದಾರಿ ಬಿಡಬೇಕು. ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲೂ ಬಲಗಡೆಯವರಿಗೇ ಮೊದಲ ಹಕ್ಕು. ಗಲ್ಲಿಯಿಂದ ಮುಖ್ಯರಸ್ತೆಗೆ ಬರುವಾಗ ಮುಖ್ಯರಸ್ತೆಯವರಿಗೆ ಬಿಡಬೇಕು. ಆಗುಂಬೆ, ಚಾರ್ಮಾಡಿಯಂಥ ಘಾಟಿಯ ಕಿರಿದಾದ ಜಾಗದಲ್ಲಿ ಏರು ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು.

ಓವರ್‌ಟೇಕ್ ಬಲಗಡೆಯಿಂದಲೇ. ಮುಂದಿನ ಗಾಡಿ ಬಲಕ್ಕೆ ತಿರುಗುವ ಸೂಚನೆ ಕೊಟ್ಟಿದ್ದರೆ ಮಾತ್ರ ಎಡಗಡೆಯಿಂದ ಹೋಗಬಹುದು. ತಿರುವಿನಲ್ಲಿ, ಕಿರಿದಾದ ಸೇತುವೆ ಮೇಲೆ, ಮುಂದೆ ಕಾಣದ ದಿಬ್ಬದಲ್ಲಿ ಓವರ್‌ಟೇಕ್ ಬೇಡವೇ ಬೇಡ.

ಉಳಿದದ್ದು

ಅಪಘಾತವಾದರೆ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದೇ ಮೊದಲ ಕೆಲಸ. ಆಮೇಲೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಪೊಲೀಸರಿಗೆ ತಿಳಿಸಬೇಕು. ದಾಖಲೆಗಳೆಂದರೆ ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ. ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ. ಮದ್ಯದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.

ಅಪ್ಪ ಅಮ್ಮಂದಿರು ಒಂದು ವಿಷಯ ಗಮನಿಸಿ. 16 ವರ್ಷಕ್ಕೇ ಲೈಸೆನ್ಸ್ ಸಿಗುತ್ತದೆ ಅನ್ನುವುದು ಅರ್ಧ ಸತ್ಯ. ಅದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ಮನೆಯಲ್ಲಿರುವ 110 ಅಥವಾ 125 ಸಿಸಿ ಸ್ಕೂಟರ್‌ಗೆ 18 ತುಂಬಿರಲೇಬೇಕು. 2019ರ ತಿದ್ದುಪಡಿ ಪ್ರಕಾರ, ಚಿಕ್ಕ ವಯಸ್ಸಿನವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. "ಇಲ್ಲೇ ಅಂಗಡಿಗೆ ತಾನೇ" ಅಂತ ದಯವಿಟ್ಟು ಕೀ ಕೊಡಬೇಡಿ.

ಎಲ್‌ಎಲ್‌ಆರ್ ಕೈಗೆ ಬಂದ ಮೇಲೆ

ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರವನ್ನು ಗಾಡಿಯ ಮುಂದೆಯೂ ಹಿಂದೆಯೂ ಅಂಟಿಸಿ. ಎಲ್‌ಎಲ್‌ಆರ್ ಇದ್ದಾಗ ಸ್ಕೂಟರ್ ಹಿಂದೆ ಕೂರಿಸಿಕೊಳ್ಳಬಹುದಾದ್ದು ಲೈಸೆನ್ಸ್ ಇರುವ, ಕಲಿಸುವವರನ್ನು ಮಾತ್ರ. ಮಗಳು ಕಾಯಬೇಕು. ಅವಧಿ 6 ತಿಂಗಳು. 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಅತ್ತಿಗೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಮೂವತ್ತೊಂದನೇ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಆರು ಗಂಟೆಗೆ ಹಿಂದಿನ ಸೀಟಲ್ಲಿ ನಾನು ಕೂರಬೇಕು, ಇಬ್ಬರಿಗೂ ಹೆಲ್ಮೆಟ್.