ಮಳೆನೀರು ಇಂಗಿಸೋಣ ಅಂದ್ರೆ ಬೀದಿಯವರು ಒಪ್ಪಬೇಕಲ್ಲ!

ಮಳೆನೀರನ್ನು ನೆಲದೊಳಕ್ಕೆ ಇಳಿಸುವ ಇಂಗುಬಾವಿ ತೋಡಿಸುವುದು ದೊಡ್ಡ ವಿದ್ಯೆಯೇನಲ್ಲ. ಕಷ್ಟ ಇರುವುದು ಅಕ್ಕಪಕ್ಕದವರನ್ನು ಒಪ್ಪಿಸುವುದರಲ್ಲಿ. ಬೆಂಗಳೂರಿನ ಎಷ್ಟೋ ಜನರಿಗೆ ಮಳೆನೀರು ತಮ್ಮ ಗೇಟು ದಾಟಿದರೆ ಸಾಕು, ಆಮೇಲೆ ಅದು ಪಾಲಿಕೆಯ ತಲೆನೋವು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ರಾಜಕಾಲುವೆ ಒತ್ತುವರಿ ಅದಕ್ಕೆ ಕಾರಣ, ನಿಜ. ಆದರೆ ಹರಿದು ಬಂದ ನೀರು ನಮ್ಮ ತಾರಸಿಗಳದ್ದೂ ಹೌದು ಅಲ್ವಾ? 2024ರ ಬೇಸಿಗೆಯಲ್ಲಿ ಇದೇ ಊರು ಟ್ಯಾಂಕರ್‌ಗೆ ಕಾದು ಕೂತಿತ್ತು.

ಮೊದಲು ಲೆಕ್ಕ ತೋರಿಸಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿ ತಾರಸಿಗೆ 50 ಮಿ.ಮೀ. ಮಳೆ ಸುರಿದರೆ ಸುಮಾರು 4,600 ಲೀಟರ್. ಬೀದಿಯಲ್ಲಿ ಅಂಥ 20 ಮನೆಗಳಿದ್ದರೆ 90 ಸಾವಿರ ಲೀಟರ್ ದಾಟುತ್ತದೆ. ಇದನ್ನು ಟ್ಯಾಂಕರ್ ಲೆಕ್ಕದಲ್ಲಿ ಹೇಳಿ, ಬೇಗ ತಲೆಗೆ ಹೋಗುತ್ತದೆ.

ಮಳೆ ಬರುವಾಗಲೇ ಪೈಪು ನೋಡಿ. ಛತ್ರಿ ಹಿಡಿದು ಬೀದಿ ಸುತ್ತಿ. ಕೆಲವರು ತಾರಸಿ ಪೈಪನ್ನು ಸುಮ್ನೆ ಯುಜಿಡಿ (ಒಳಚರಂಡಿ) ಚೇಂಬರ್‌ಗೆ ಸೇರಿಸಿರುತ್ತಾರೆ. ಒಳಚರಂಡಿ ಇರುವುದು ಮಳೆನೀರಿಗಲ್ಲ. ಮೇಲಿನ ಮನೆಗಳ ನೀರು ಅಲ್ಲಿಗೆ ನುಗ್ಗಿದರೆ ಮ್ಯಾನ್‌ಹೋಲ್ ಉಕ್ಕುತ್ತದೆ, ತಗ್ಗಿನ ಮನೆಯ ಬಚ್ಚಲ ಜಾಲರಿಯಿಂದ ಕೊಳಚೆ ಗುಳುಗುಳು ಮೇಲೆ ಬರುತ್ತದೆ. ಮೇಲಿನ ಮನೆಯವರನ್ನು ಕರೆತಂದು ಇದನ್ನು ತೋರಿಸಿ. ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ತಕರಾರಿಗೆ ವಾದ ಬೇಡ. "ಟ್ಯಾಕ್ಸ್ ಕಟ್ತೀವಲ್ಲ ಸಾರ್, ಅವರೇ ಮಾಡಲಿ" ಅನ್ನುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಮೋರಿ ಹೂಳು ತೆಗೆಸಲು ಅರ್ಜಿ ಬರೆದು ಮೊದಲ ಸಹಿ ಅವರಿಂದಲೇ ಹಾಕಿಸಿ. ಜೊತೆಗೆ ಬಾವಿ ವಿಷಯ ಎತ್ತಿ. ಸೊಳ್ಳೆ ಬರುತ್ತೆ ಅಂದರೆ, ಬಾಯಿಗೆ ಸಂದಿಲ್ಲದ ಮುಚ್ಚಳ ಇರುತ್ತೆ, ನೀರೂ ಇಂಗಿಹೋಗುತ್ತೆ ಅನ್ನಿ. ವಾಸ್ತು ಅಂದರೆ? ಇಳಿಜಾರು ಅನುಕೂಲವಾಗಿದ್ದರೆ ಈಶಾನ್ಯದಲ್ಲೇ ತೋಡಿಸಿ, ನಷ್ಟವೇನು!

ಒಪ್ಪಿದ ಮೇಲೆ ತೋಡಿಸಿ. ಬೆಂಗಳೂರಿನ ಬಾವಿಗಳನ್ನು ತಲೆತಲಾಂತರದಿಂದ ತೋಡಿದವರು ಮಣ್ಣು ವಡ್ಡರು. ನಿಮ್ಮ ಮಣ್ಣಿನ ಗುಣ ಅವರಿಗೆ ಗೊತ್ತು. ಮೂರಡಿ ಅಗಲ, 20 ಅಡಿ ಆಳದ ಬಾವಿ ಒಮ್ಮೆಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ಬಾವಿಗೆ ಇಳಿಸುವ ಕಾಂಕ್ರೀಟ್ ರಿಂಗುಗಳ ನಡುವೆ ಸಿಮೆಂಟ್ ಮೆತ್ತಿಸಬೇಡಿ, ಸುತ್ತ ಜಲ್ಲಿ ತುಂಬಿಸಿ. ಮನೆ ಪಾಯದಿಂದ ದೂರ ಇರಲಿ. ಮೊದಲ ಮಳೆಯ ಕೊಳೆನೀರು ಆಚೆ ಹೋಗಲಿ, ಉಳಿದದ್ದು ಫಿಲ್ಟರ್ ದಾಟಿ ಇಳಿಯಲಿ. ಮೋರಿ ನೀರನ್ನಂತೂ ಬಾವಿಗೆ ಬಿಡಲೇಬೇಡಿ, ಅಂತರ್ಜಲವೇ ಕೆಡುತ್ತದೆ. ಕಣ್ಣಾರೆ ನೋಡಬೇಕು ಅನ್ನುವವರಿಗೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ.

ಕಾನೂನು ಕೊನೆಗೆ. 30×40 ಅಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸದಾಗಿ ಕಟ್ಟುವ ಮನೆಗೂ, 60×40 ಅಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಮನೆಗೂ ಮಳೆ ಕೊಯ್ಲು ಕಡ್ಡಾಯ. 2009ರಲ್ಲೇ ಬಂದ ನಿಯಮ. ಮಾಡದಿದ್ದರೆ ನೀರಿನ ಬಿಲ್‌ನಲ್ಲೇ ದಂಡ ಬೀಳುತ್ತದೆ. ಆದರೆ ಇದನ್ನೇ ಮೊದಲು ಹೇಳಿದಿರೋ, ನೆಪಕ್ಕೊಂದು ಡ್ರಮ್ಮು ಇಟ್ಟು ಕೈತೊಳೆದುಕೊಳ್ಳುತ್ತಾರೆ.

ಇನ್ನೊಂದು ಮಾತು. ತಾರಸಿ ಗುಡಿಸುವುದು ಆಯಾ ಮನೆಯವರ ಪಾಡು. ಎಲ್ಲರೂ ಸೇರಿ ತೋಡಿಸಿದ ಬಾವಿಯಾದರೆ, ಅದರ ಫಿಲ್ಟರ್ ತೊಳೆಯುವ ಪಾಳಿ ಯಾವ ತಿಂಗಳು ಯಾರದು ಅಂತ ಮುಂಗಾರಿಗೆ ಮೊದಲೇ ಬರೆದಿಡಿ.