ಹೀಟರ್ ಬೆಚ್ಚಗಾಗ್ತಿಲ್ವಾ? ಮೊದಲು ಎರಡು ಹೋಸ್ ಮುಟ್ಟಿ ನೋಡಿ

ನಾಬನ್ನು ಪೂರ್ತಿ ಕೆಂಪಿಗೆ ತಿರುಗಿಸಿದರೂ ಕಾಲಿಗೆ ಬರುವುದು ಉಗುರುಬೆಚ್ಚಗಿನ ಗಾಳಿ. ಮುಂದಿನ ಗಾಜಿನ ಮಂಜು ಸರಿಯುವುದೇ ಇಲ್ಲ. ಇಷ್ಟಾಗಿದ್ದೇ ತಡ, ಆಫ್‌ರೋಡ್ ಗಾಡಿ ಇಟ್ಟುಕೊಂಡವರು ಡ್ಯಾಶ್‌ಬೋರ್ಡ್ ಬಿಚ್ಚಿಸಲು ಹೊರಡುತ್ತಾರೆ. ಎರಡು ದಿನದ ಕೆಲಸ, ಹೊಸ ಹೀಟರ್ ಕೋರ್, ಜೋಡಿಸಿದ ಮೇಲೆ ಕೈಯಲ್ಲಿ ಉಳಿದ ನಾಲ್ಕು ಸ್ಕ್ರೂ. ಆಮೇಲೆ ನೋಡಿದರೆ ಕೆಟ್ಟಿದ್ದು ಥರ್ಮೋಸ್ಟಾಟ್ ಎಂಬ ಪುಟ್ಟ ವಾಲ್ವ್! ಇಂಥದ್ದನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಕೂತಿರುವ ಪುಟ್ಟ ರೇಡಿಯೇಟರ್, ಅಷ್ಟೇ. ಅದೇ ಹೀಟರ್ ಕೋರ್. ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಬಿಸಿಯಾಗಿ ಒಂದು ಹೋಸಿನಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ. ಕೂಲೆಂಟ್ ಬಿಸಿಯಾಗಬೇಕು, ಕೋರ್‌ನೊಳಗೆ ಹರಿಯಬೇಕು, ಗಾಳಿ ಅದನ್ನು ದಾಟಿ ಬರಬೇಕು. ಮೂರರಲ್ಲಿ ಎಲ್ಲಿ ಕೈಕೊಟ್ಟಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಕೂಲೆಂಟ್ ಮಟ್ಟ

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಪಕ್ಕದ ಪ್ಲಾಸ್ಟಿಕ್ ಬಾಟಲಿಯನ್ನು ಮಾತ್ರ ನಂಬಬೇಡಿ. ಎಷ್ಟೋ ಗಾಡಿಗಳಲ್ಲಿ ಹೀಟರ್ ಕೋರ್ ಎತ್ತರದಲ್ಲಿರುತ್ತದೆ, ಹಾಗಾಗಿ ಕೂಲೆಂಟ್ ಕಡಿಮೆಯಾದರೆ ಮೊದಲು ಒಣಗುವುದು ಅದೇ. ಬಿಸಿ ಇದ್ದಾಗ ಮುಚ್ಚಳದ ತಂಟೆಗೆ ಹೋಗಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಇರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಮುಖಕ್ಕೆ ಎರಚುತ್ತದೆ.

ಆಮೇಲೆ ಟೆಂಪರೇಚರ್ ಮೀಟರಿನ ಮುಳ್ಳು

ನಿಂತಾಗ ಮುಳ್ಳು ಮೇಲೇರಿ, ಓಡುವಾಗ ಕೆಳಗಿಳಿಯುತ್ತಿದ್ದರೆ, ಕೂಲೆಂಟ್ ಬಿಸಿಯಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಹಾಕಿಕೊಂಡಿರಬಹುದು. ಸಾಮಾನ್ಯವಾಗಿ 82ರಿಂದ 95 ಡಿಗ್ರಿಯೊಳಗೆ ತೆರೆಯಬೇಕಾದದ್ದು ಮುಂಚೆಯೇ ತೆರೆದುಕೊಂಡಿದ್ದರೆ ಎಂಜಿನ್ನೇ ಬಿಸಿಯಾಗುವುದಿಲ್ಲ, ಇನ್ನು ಹೀಟರ್ ಹೇಗೆ ಬಿಸಿಯಾದೀತು? ಏರು ಹತ್ತುವಾಗ ಎಂಜಿನ್ ಕಾಯುತ್ತದೆ ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆದವರೂ ಇದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಹೊಸದು ಹಾಕಿ, ಅದೂ ಕಂಪನಿ ಹೇಳಿದ ಡಿಗ್ರಿಯದ್ದೇ.

ಈಗ ಹೋಸ್

ಗಾಡಿ ಇಪ್ಪತ್ತು ನಿಮಿಷ ಓಡಿಸಿ. ಹೀಟರ್ ಪೂರ್ತಿ ಬಿಸಿಯಲ್ಲಿರಲಿ. ನಿಲ್ಲಿಸಿ, ಬಾನೆಟ್ ಎತ್ತಿ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನೊಳಗೆ ಹೋಗುವ ಎರಡು ಹೋಸ್ ಮುಟ್ಟಿ. ಕೈಗೆ ಗ್ಲೌಸ್ ಇರಲಿ. ಫ್ಯಾನಿನಿಂದ ದೂರವಿರಿ, ಎಂಜಿನ್ ಆಫ್ ಆದ ಮೇಲೂ ಎಲೆಕ್ಟ್ರಿಕ್ ಫ್ಯಾನ್ ತಿರುಗಬಹುದು.

ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ತಪ್ಪು ಗಾಳಿಯ ದಾರಿಯದ್ದು. ನಾಬ್ ಹಿಂದಿನ ಕೇಬಲ್ ಕ್ಲಿಪ್ ಜಾರಿದೆಯಾ, ಗಾಳಿಯನ್ನು ಕೋರ್ ಕಡೆಗೆ ತಿರುಗಿಸುವ ಫ್ಲಾಪ್ ಪೂರ್ತಿ ತಿರುಗುತ್ತಿದೆಯಾ ನೋಡಿ. ಗಾಳಿಯೇ ಕಡಿಮೆ ಅನ್ನಿಸಿದರೆ ವೈಪರ್ ಕೆಳಗಿನ ಜಾಲರಿ ಬಿಚ್ಚಿ. ಕಾಡು ಸುತ್ತಿದ ಗಾಡಿಯಲ್ಲಿ ಅಲ್ಲಿ ಎಲೆ, ಕೆಸರು ಗೂಡು ಕಟ್ಟಿರುತ್ತದೆ. ನನ್ನ ಗಾಡಿಯಲ್ಲಿ ಒಮ್ಮೆ ಇಡೀ ದಿನ ಹುಡುಕಿದ ಮೇಲೆ ಸಿಕ್ಕಿದ್ದು ಬೆರಳಲ್ಲಿ ಒತ್ತಿದರೆ ಕೂರುವ ಒಂದು ಕ್ಲಿಪ್.

ಎರಡೂ ಉಗುರುಬೆಚ್ಚಗಿದ್ದರೆ ಹಿಂದಿನ ಎರಡು ಹಂತ ಮತ್ತೆ ನೋಡಿ. ಅಲ್ಲಿ ಏನೂ ಸಿಗದಿದ್ದರೆ ಕೂಲೆಂಟನ್ನು ತಳ್ಳುವ ವಾಟರ್ ಪಂಪ್.

ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕೂಲೆಂಟ್ ಹರಿಯುತ್ತಿಲ್ಲ. ಹೋಸಿಗೆ ವಾಲ್ವ್ ಇದ್ದರೆ ಅದು ಪೂರ್ತಿ ತೆರೆದಿದೆಯಾ ನೋಡಿ. ತೆರೆದಿದ್ದರೆ ಒಂದೋ ಒಳಗೆ ಗಾಳಿ ಸೇರಿದೆ, ಇಲ್ಲವೇ ಕೋರ್ ಕಟ್ಟಿದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದಿದ್ದರೆ ಕೊನೆಯಲ್ಲಿ ಹೇಳಿರುವಂತೆ ಗಾಳಿ ತೆಗೆಯಿರಿ. ಸದ್ದಿಲ್ಲದಿದ್ದರೆ ಕೋರ್ ತೊಳೆಯಬೇಕು.

ಕೋರ್ ತೊಳೆಯುವುದು

ಎಲ್ಲರೂ ಎಡವುವುದು ಇಲ್ಲಿಯೇ. ಎಂಜಿನ್ ತಣ್ಣಗಾಗಲಿ. ಒಳಗೆ ಹೋಗುವ ಹೋಸಿಗೆ ಒಂದು ತುಂಡು ಟೇಪ್ ಸುತ್ತಿ ಗುರುತು ಮಾಡಿ. ಹೋಸ್ ಕಳಚುವಾಗ ಬರುವ ಕೂಲೆಂಟನ್ನು ಟ್ರೇಯಲ್ಲಿ ಹಿಡಿಯಿರಿ. ಅದು ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ ನೆಕ್ಕಿ ಸಾಯುತ್ತದೆ.

ಕೋರ್‌ನ ಪೈಪಿನಿಂದ ಹೋಸ್ ಎಳೆಯಬೇಡಿ. ವರ್ಷಗಟ್ಟಲೆ ಕೂತ ರಬ್ಬರ್ ಆ ತೆಳು ಪೈಪಿಗೆ ಅಂಟಿಕೊಂಡಿರುತ್ತದೆ. ಪ್ಲೈಯರ್ ಹಾಕಿ ತಿರುಚಿದರೆ ರಬ್ಬರ್ ಜೊತೆ ಪೈಪೂ ತಿರುಗಿ, ಒಳಗಿನ ಬೆಸುಗೆ ಬಿಡುತ್ತದೆ. ಆಗ ನಿಜವಾಗಿಯೂ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅದಕ್ಕೇ ಹೋಸನ್ನು ಎಂಜಿನ್ ಕಡೆಯ ತುದಿಯಲ್ಲಿ ಕಳಚಿ, ಅಲ್ಲಿ ಪೈಪ್ ಗಟ್ಟಿ ಇರುತ್ತದೆ. ಅಲ್ಲಿಗೆ ಕೈ ಹೋಗದಿದ್ದರೆ ಬ್ಲೇಡಿನಿಂದ ಹೋಸಿನ ತುದಿಯನ್ನು ಉದ್ದಕ್ಕೆ ಸೀಳಿ, ಸಿಪ್ಪೆಯಂತೆ ಬಿಡಿಸಿ. ಬ್ಲೇಡು ಪೈಪಿಗೆ ತಾಗದಿರಲಿ. ಹೋಸ್ ಹೋಗುತ್ತದೆ, ಹೋಗಲಿ. ಹೊಸ ಹೋಸ್ ಹಾಕಿದರಾಯಿತು.

ಇನ್ನು ನೀರು. ಕೊಳೆ ಕಟ್ಟಿರುವುದು ಕೂಲೆಂಟ್ ಒಳಗೆ ಬರುವ ಕಡೆ. ಅದೇ ಕಡೆಯಿಂದ ನೀರು ಬಿಟ್ಟರೆ ಕೊಳೆ ಇನ್ನೂ ಒಳಗೆ ಹೋಗಿ ಬಿಗಿಯುತ್ತದೆ. ಹಾಗಾಗಿ ಟೇಪ್ ಇಲ್ಲದ ಹೋಸಿಗೆ ನೀರಿನ ಪೈಪ್ ಹಿಡಿಯಿರಿ, ಟೇಪ್ ಇರುವ ಹೋಸಿನ ಬಾಯಿಗೆ ಬಕೆಟ್ ಇಡಿ. ಪೈಪಿಗೆ ಕ್ಲಾಂಪ್ ಹಾಕಬೇಡಿ. ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದರೆ ಒತ್ತಡ ಜಾಸ್ತಿಯಾದಾಗ ನೀರು ಸಂದಿಯಿಂದ ಚಿಮ್ಮಿ ನಿಮ್ಮ ಅಂಗಿ ತೋಯಿಸುತ್ತದೆ, ಕೋರ್ ಉಳಿಯುತ್ತದೆ. ನಲ್ಲಿ ನಿಧಾನಕ್ಕೆ ತಿರುಗಿಸಿ. ಗಾಡಿ ತೊಳೆಯುವ ಪ್ರೆಷರ್ ಗನ್ನು, ಏರ್ ಕಂಪ್ರೆಸರ್ರು ಇದರ ಹತ್ತಿರವೂ ಬರಬಾರದು.

ಮೊದಲು ತುಕ್ಕಿನ ಬಣ್ಣದ ನೀರು ಬರುತ್ತದೆ, ಆಮೇಲೆ ಹಕ್ಕಳೆ. ಒಂದಕ್ಕೊಂದು ಹೊಂದದ ಕೂಲೆಂಟ್ ಬೆರೆಸಿದ್ದರೆ ಲೋಳೆಯಂಥದ್ದೂ ಬರಬಹುದು. ತಿಳಿಯಾದ ಮೇಲೆ ದಿಕ್ಕು ಬದಲಿಸಿ ಒಂದು ನಿಮಿಷ ಬಿಡಿ, ಮತ್ತೆ ಹಿಂದುಮುಂದು. ಕೊನೆಯ ಸರದಿ ಉಲ್ಟಾ ದಿಕ್ಕಿನದ್ದೇ ಇರಲಿ. ಒಳಗೆ ಹೋದಷ್ಟೇ ಧಾರಾಳವಾಗಿ ನೀರು ಹೊರಗೆ ಬಂದರೆ ಗೆದ್ದಿರಿ. ಇನ್ನೂ ಸಣ್ಣಗೆ ತೊಟ್ಟಿಕ್ಕುತ್ತಿದ್ದರೆ ಬಿಸಿನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಕಲಸಿ ತುಂಬಿ, ಅರ್ಧ ಗಂಟೆ ಬಿಟ್ಟು ಮತ್ತೆ ತೊಳೆಯಿರಿ. ಚರಂಡಿ ಪೈಪ್ ತೊಳೆಯುವ ಕಾಸ್ಟಿಕ್ ಪುಡಿ ಮಾತ್ರ ಬೇಡ, ಅದು ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಸೋರಿಕೆ ನಿಲ್ಲಿಸುತ್ತೇವೆಂದು ರೇಡಿಯೇಟರಿಗೆ ಸುರಿಯುವ ಡಬ್ಬಿಗಳ ಬಗ್ಗೆಯೂ ಒಂದು ಮಾತು. ತೂತು ಮುಚ್ಚುವ ಆ ಅಂಟಿಗೆ ಯಾವುದು ತೂತು, ಯಾವುದು ಕೋರ್‌ನ ಸಣ್ಣ ನಾಳ ಎಂದು ಗೊತ್ತಾಗುವುದಿಲ್ಲ. ನಾನಂತೂ ಅದನ್ನು ಗಾಡಿಗೆ ಸೋಕಿಸುವುದಿಲ್ಲ.

ತುಂಬಿಸಿ, ಗಾಳಿ ತೆಗೆಯಿರಿ

ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ನೀರೇ ಬೆರೆಸದಿದ್ದರೆ ಇನ್ನೂ ಒಳ್ಳೆಯದಲ್ವಾ ಎಂದು ಕೇಳುವವರಿದ್ದಾರೆ. ಕೂಲೆಂಟಿನ ಮೂಲ ದ್ರವವಾದ ಎಥಿಲೀನ್ ಗ್ಲೈಕಾಲ್ ಬರಿದೇ ಇದ್ದರೆ ಸುಮಾರು ಮೈನಸ್ 13ರಲ್ಲೇ ಗಟ್ಟಿಯಾಗುತ್ತದೆ, ಬಿಸಿಯನ್ನೂ ಕಡಿಮೆ ಹೊರುತ್ತದೆ.

ಗಾಡಿಯ ಮೂತಿ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ನಾಬ್ ಪೂರ್ತಿ ಬಿಸಿಗೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ನಿಧಾನಕ್ಕೆ ತುಂಬಿಸುತ್ತಾ ಹೋಸ್‌ಗಳನ್ನು ಹಿಸುಕಿ. ಮುಚ್ಚಳ ಹಾಕದೆಯೇ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ದಬಕ್ಕನೆ ಇಳಿಯುತ್ತದೆ. ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆಯೆಂದು ಅನುಮಾನಿಸಿ, ಮೆಕ್ಯಾನಿಕ್ ಹತ್ತಿರ ಹೋಗಿ.

ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾದದ್ದು ಯಾವಾಗ? ಕಾಲಡಿಯ ಕಾರ್ಪೆಟ್ ಒದ್ದೆಯಾಗಿ, ಒಳಗೆಲ್ಲ ಸಿಹಿ ವಾಸನೆ ಬಂದು, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು ಕೂರುತ್ತಿದ್ದರೆ. ಆಗ ಕೋರೇ ಸೋರುತ್ತಿದೆ, ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಬಿಚ್ಚುವಾಗ ಪ್ರತಿ ಸ್ಕ್ರೂವಿನ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ.